ಓಡುವಾಗ ವಾಚ್ 168 ತೋರಿಸಿದರೆ ನಿಲ್ಲಬೇಕಾ?

ಪ್ರಶ್ನೆ: ನನಗೆ 48 ವರ್ಷ, ಊರು ದಾವಣಗೆರೆ. ಬಿಪಿ, ಶುಗರ್ ಇಲ್ಲ. ದಿನಾ ಬೆಳಿಗ್ಗೆ ಗೆಳತಿಯ ಜೊತೆ ವಾಕಿಂಗ್ ಹೋಗುತ್ತೇನೆ, ನಡುನಡುವೆ ನಿಧಾನವಾಗಿ ಓಡುತ್ತೇನೆ. ಮಗಳು ಕೊಡಿಸಿದ ಸ್ಮಾರ್ಟ್‌ವಾಚ್ ನಡೆಯುವಾಗ ಹೃದಯ ಬಡಿತ ನಿಮಿಷಕ್ಕೆ 110ರ ಆಸುಪಾಸು ತೋರಿಸುತ್ತದೆ. ಓಡಲು ಶುರು ಮಾಡಿದ ಸ್ವಲ್ಪ ಹೊತ್ತಿಗೇ ದಿಢೀರನೆ 168ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಆಗಲೂ ಅಂಥ ಸುಸ್ತೇನೂ ಇರುವುದಿಲ್ಲ, ಮಾತಾಡಿಕೊಂಡೇ ಓಡುತ್ತೇವೆ. ಹೃದಯಾಘಾತದ ಸುದ್ದಿಗಳನ್ನು ಕೇಳಿ ಹೆದರಿರುವ ನಮ್ಮನೆಯವರು ಇನ್ನು ಓಡಲೇಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮಾತಾಡಿಕೊಂಡೇ ಓಡುತ್ತೇವೆ ಅಂದಿರಲ್ಲ, ಮುಖ್ಯವಾದ ಸುಳಿವು ಅದೇ. 220ರಲ್ಲಿ ವಯಸ್ಸು ಕಳೆದರೆ ಹೃದಯ ಬಡಿತದ ಗರಿಷ್ಠ ಮಿತಿ ಸಿಗುತ್ತದೆ ಅಂತ ಒಂದು ಲೆಕ್ಕ ಇದೆ. ನಿಮಗೆ ಅದು 172. ಇದು ಬರೀ ಅಂದಾಜು. ಒಂದೇ ವಯಸ್ಸಿನವರಲ್ಲೂ 10–12 ಬಡಿತ ಆಚೆ ಈಚೆ ಇರುವುದು ತೀರಾ ಸಾಮಾನ್ಯ. ಹಾಗಿದ್ದರೂ, ನಿಜವಾಗಿ 168 ಬಡಿಯುತ್ತಿದ್ದರೆ ನಿಮ್ಮ ವಯಸ್ಸಿನ ಹೆಚ್ಚಿನವರಿಗೆ ಏದುಸಿರು ಬಂದು ಎರಡು ಮಾತಾಡುವುದೂ ಕಷ್ಟ. ಹಾಗಾಗಿ ನನ್ನ ಮೊದಲ ಅನುಮಾನ ವಾಚಿನ ಮೇಲೆ.

ವಾಚನ್ನು ತಿರುಗಿಸಿ ನೋಡಿ, ಹಸಿರು ದೀಪ ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಬಡಿದಾಗಲೆಲ್ಲ ಮಣಿಕಟ್ಟಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ತುಸು ಹೆಚ್ಚಾಗುತ್ತದೆ, ಆಗ ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತವನ್ನೇ ವಾಚ್ ಎಣಿಸುತ್ತದೆ. ಕೂತಿದ್ದಾಗ ಇದು ಸಾಕಷ್ಟು ಸರಿಯಾಗಿಯೇ ನಡೆಯುತ್ತದೆ. ಓಡುವಾಗ ಮಾತ್ರ ಪ್ರತಿ ಹೆಜ್ಜೆಗೂ ಕೈ ಅಲುಗುತ್ತದೆ, ಆ ಅಲುಗಾಟದಿಂದಲೂ ಬೆಳಕು ಏರಿಳಿಯುತ್ತದೆ. ಕೆಲವೊಮ್ಮೆ ವಾಚ್ ಬಡಿತ ಬಿಟ್ಟು ಹೆಜ್ಜೆಯನ್ನೇ ಎಣಿಸತೊಡಗುತ್ತದೆ. ನಿಧಾನವಾಗಿ ಓಡುವ ಅನೇಕರು ನಿಮಿಷಕ್ಕೆ 160–170 ಹೆಜ್ಜೆ ಹಾಕುತ್ತಾರೆ. ನಿಮ್ಮ 168 ಅಲ್ಲಿಂದಲೇ ಬಂದಿರಬಹುದು.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಓಡುವಾಗ ಅರ್ಧ ನಿಮಿಷ ಹೆಜ್ಜೆ ಎಣಿಸಿ, ಎರಡರಿಂದ ಗುಣಿಸಿ. ಉತ್ತರ ವಾಚಿನ ಸಂಖ್ಯೆಯ ಹತ್ತಿರವೇ ಇದೆಯಾ? ಆಮೇಲೆ ವಾಚ್ 168 ತೋರಿಸುತ್ತಿರುವಾಗಲೇ ನಿಂತು, ತೋರುಬೆರಳು ಮತ್ತು ನಡುಬೆರಳನ್ನು ಇನ್ನೊಂದು ಕೈಯ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲಿಟ್ಟು ನಾಡಿ ಹಿಡಿಯಿರಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ತಡ ಮಾಡಬೇಡಿ, ನಿಂತ ತಕ್ಷಣ ಬಡಿತ ಇಳಿಯತೊಡಗುತ್ತದೆ. ಬೆರಳಿಗೆ 130 ಸಿಕ್ಕಿ ವಾಚಿನಲ್ಲಿ 168 ಇದ್ದರೆ ಬೆರಳನ್ನೇ ನಂಬಿ.

ಕಟ್ಟಿಕೊಳ್ಳುವ ರೀತಿಯೂ ಮುಖ್ಯ. ನಮ್ಮಲ್ಲಿ ಹೆಣ್ಣುಮಕ್ಕಳು ಬಳೆಯ ಜೊತೆಗೇ ವಾಚ್ ಕಟ್ಟುತ್ತಾರೆ, ಅದು ಬಳೆಗೆ ತಾಗಿ ಜರುಗುತ್ತಲೇ ಇರುತ್ತದೆ. ವ್ಯಾಯಾಮದ ಹೊತ್ತಿಗೆ ಬಳೆ ಇಲ್ಲದ ಕೈಗೆ, ಮಣಿಕಟ್ಟಿನ ಮೂಳೆಯಿಂದ ಒಂದೆರಡು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ಮನೆಗೆ ಬಂದು ಸಡಿಲ ಮಾಡಿ. ಚಳಿಗಾಲದ ಬೆಳಗ್ಗೆ ಚರ್ಮದಲ್ಲಿ ರಕ್ತದ ಹರಿವು ಕಡಿಮೆ ಇರುವುದರಿಂದಲೂ ಲೆಕ್ಕ ತಪ್ಪುತ್ತದೆ. ಮೊದಲು ಸ್ವಲ್ಪ ಹೊತ್ತು ನಡೆದು ಮೈ ಬೆಚ್ಚಗಾದ ಮೇಲೆ ಓಡಿ.

ಒಂದು ಎಚ್ಚರಿಕೆ ಹೇಳಲೇಬೇಕು. ಬೆರಳಿಗೂ ಅಷ್ಟೇ ವೇಗ ಸಿಕ್ಕರೆ, ನಾಡಿ ತಾಳ ತಪ್ಪಿ ಬಡಿಯುತ್ತಿದ್ದರೆ, ಎದೆ ಡವಡವ ಅನ್ನಲು ಹಠಾತ್ತಾಗಿ ಶುರುವಾಗಿ ಹಠಾತ್ತಾಗಿ ನಿಂತರೆ ಅದು ವಾಚಿನ ತಪ್ಪಲ್ಲ. ಹೃದಯದ ವಿದ್ಯುತ್ ವ್ಯವಸ್ಥೆಯಲ್ಲಿ ತೊಂದರೆ ಇರಬಹುದು. ಓಟ ನಿಲ್ಲಿಸಿ, ವೈದ್ಯರನ್ನು ಕಂಡು ಇಸಿಜಿ ಮಾಡಿಸಿ. ತಲೆಸುತ್ತು, ಎದೆನೋವು ಬಂದರಂತೂ ತಕ್ಷಣ ಹೋಗಿ.

ಇದ್ಯಾವುದೂ ಇಲ್ಲದಿದ್ದರೆ ಓಡುವುದನ್ನು ಬಿಡಬೇಡಿ. ನಿಮ್ಮ ಮನೆಯವರ ಆತಂಕ ನನಗೆ ಅರ್ಥವಾಗುತ್ತದೆ. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಬೆಳಗ್ಗೆಯೇ ಸಾಲು ನಿಂತಿದ್ದರು. ಆದರೆ ಹೆದರಿ ಮನೆಯಲ್ಲಿ ಕೂತರೆ ಹೃದಯಕ್ಕೆ ನಷ್ಟವೇ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಮಧ್ಯಮ ಶ್ರಮ.

ವಾಚನ್ನು ಇನ್ನೂ ಒಳ್ಳೆಯ ಕೆಲಸಕ್ಕೆ ಬಳಸಿ. ಅದೇ ದಾರಿ, ಅದೇ ವೇಗದಲ್ಲಿ ನಡೆದು ತಿಂಗಳಿಂದ ತಿಂಗಳಿಗೆ ಬಡಿತ ಹೋಲಿಸಿ. ಮೊದಲು 115 ಇದ್ದದ್ದು 106ಕ್ಕೆ ಬಂದರೆ ಹೃದಯ ಅದೇ ಕೆಲಸವನ್ನು ಕಡಿಮೆ ಶ್ರಮದಲ್ಲಿ ಮಾಡುತ್ತಿದೆ ಅಂತ ಅರ್ಥ. ಚೆನ್ನಾಗಿ ದಣಿದು ಓಟ ನಿಲ್ಲಿಸಿದ ಮೊದಲ ನಿಮಿಷದಲ್ಲಿ ಬಡಿತ ಎಷ್ಟು ಇಳಿಯಿತು ಅಂತಲೂ ನೋಡಿ. ಪ್ರತಿ ಸಲವೂ 12 ಅಥವಾ ಅದಕ್ಕಿಂತ ಕಡಿಮೆ ಇಳಿಯುತ್ತಿದ್ದರೆ ವೈದ್ಯರಿಗೆ ತಿಳಿಸಿ. ಗೆಳತಿಯ ವಾಚಿನ ಜೊತೆ ಹೋಲಿಸುವುದು ಬೇಡ, ಅವರ ಹೃದಯ ಬೇರೆ.

ಪ್ರಶ್ನೆ: ವಯಸ್ಸು 56. ಬಿಪಿಗೆ ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುತ್ತೇನೆ. ವಾಚ್ ಪ್ರಕಾರ ನನ್ನ ಬಡಿತ 130 ಮುಟ್ಟಬೇಕು. ಎಷ್ಟೇ ಬಿರುಸಾಗಿ ನಡೆದು ಬೆವರಿದರೂ 105 ದಾಟುತ್ತಿಲ್ಲ. ವ್ಯಾಯಾಮದ ದಿನ ಮಾತ್ರೆ ಬಿಡಬಹುದೇ?

ಉತ್ತರ: ದಯವಿಟ್ಟು ಬಿಡಬೇಡಿ. ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬಿಪಿ ಏರಬಹುದು, ಎದೆನೋವು ಕಾಣಿಸಿಕೊಳ್ಳಬಹುದು, ಹೃದಯಾಘಾತವೂ ಆಗಬಹುದು.

ಮೆಟೊಪ್ರೊಲಾಲ್, ಅಟೆನೊಲಾಲ್, ಪ್ರೊಪ್ರನೊಲಾಲ್ ಇವೆಲ್ಲ ಬೀಟಾ ಬ್ಲಾಕರ್ ಗುಂಪಿನವು. ಶ್ರಮಪಟ್ಟಾಗ ಅಡ್ರಿನಲಿನ್ ಹೃದಯವನ್ನು ಓಡಿಸಲು ನೋಡುತ್ತದೆ, ಈ ಮಾತ್ರೆ ಅದನ್ನು ತಡೆಯುತ್ತದೆ. ನಿಮಗೆ 105 ಬರುತ್ತಿದೆ ಅಂದರೆ ಮಾತ್ರೆ ತನ್ನ ಕೆಲಸ ಮಾಡುತ್ತಿದೆ. ವಾಚಿಗೆ ಗೊತ್ತಿರುವುದು ನಿಮ್ಮ ವಯಸ್ಸು ಮಾತ್ರ, ಮಾತ್ರೆ ಗೊತ್ತಿಲ್ಲ. ಹಾಗಾಗಿ ಅದು ಹೇಳುವ ಗುರಿ ನಿಮಗೆ ಅನ್ವಯಿಸುವುದಿಲ್ಲ. 130 ಮುಟ್ಟಲೇಬೇಕು ಅಂತ ಹಟ ಮಾಡಿದರೆ ಮಿತಿ ಮೀರಿ ದಣಿಯುತ್ತೀರಿ. ಡಿಲ್ಟಿಯಾಜೆಮ್, ಐವಾಬ್ರಡಿನ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಆಮ್ಲೊಡಿಪಿನ್, ಟೆಲ್ಮಿಸಾರ್ಟನ್ ಮಾತ್ರೆಗಳು ಸಾಮಾನ್ಯವಾಗಿ ಬಡಿತವನ್ನು ಹೀಗೆ ತಗ್ಗಿಸುವುದಿಲ್ಲ.

ನೀವು ನಂಬಬೇಕಾದದ್ದು ನಿಮ್ಮ ದಣಿವನ್ನು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿಕೊಟ್ಟ 6ರಿಂದ 20ರವರೆಗಿನ ಅಳತೆಯನ್ನು ಹೃದ್ರೋಗಿಗಳ ವ್ಯಾಯಾಮ ಕೇಂದ್ರಗಳಲ್ಲಿ ಇವತ್ತಿಗೂ ಬಳಸುತ್ತಾರೆ. ಏನೂ ಶ್ರಮ ಇಲ್ಲದಿದ್ದರೆ 6, ಇನ್ನು ಸಾಧ್ಯವೇ ಇಲ್ಲ ಅನ್ನಿಸಿದರೆ 20. ‘ಸ್ವಲ್ಪ ಕಷ್ಟ, ಆದರೂ ಮುಂದುವರಿಸಬಲ್ಲೆ’ ಅನ್ನಿಸುವ 12–13ರ ಹತ್ತಿರ ಇರಿ. ನಿಮ್ಮದೇ ಸಂಖ್ಯೆ ಬೇಕು ಅಂದರೆ ವೈದ್ಯರನ್ನು ಕೇಳಿ. ಅವರು ಮಾತ್ರೆ ತೆಗೆದುಕೊಂಡಿರುವಾಗಲೇ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಮಾಡಿಸಿ ಗುರಿ ಹೇಳಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ಜಿಮ್‌ಗೆ ಹೋಗುತ್ತೇನೆ, ವಯಸ್ಸು 35. ಇಸಿಜಿ ಇರುವ ವಾಚ್ ಕೊಂಡಿದ್ದೇನೆ. ಹೃದಯಾಘಾತ ಆಗುವುದಿದ್ದರೆ ಮೊದಲೇ ಹೇಳುತ್ತದೆ ಅಲ್ವಾ?

ಉತ್ತರ: ಇಲ್ಲ, ಹೇಳುವುದಿಲ್ಲ. ವಾಚ್ ಒಂದೇ ಕೋನದಿಂದ ಹೃದಯದ ವಿದ್ಯುತ್ ಸಂಕೇತ ನೋಡುತ್ತದೆ, ಆಸ್ಪತ್ರೆಯ ಇಸಿಜಿ 12 ಕೋನಗಳಿಂದ ನೋಡುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ತಾಳ ತಪ್ಪಿದ ಬಡಿತವನ್ನು ಗುರುತಿಸುವುದರಲ್ಲಿ ವಾಚ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ರಕ್ತನಾಳ ಕಟ್ಟಿಕೊಂಡು ಆಗುವ ಹೃದಯಾಘಾತ ಅದರ ಕೈಗೆ ಸಿಗುವುದಿಲ್ಲ.

ಡಂಬೆಲ್ ಹಿಡಿದಾಗ ಮಣಿಕಟ್ಟಿನ ಸ್ನಾಯು ಬಿಗಿಯಾಗುವುದರಿಂದ ವಾಚಿನ ಬಡಿತದ ಲೆಕ್ಕವೂ ಅಲ್ಲಿ ಕೆಡುತ್ತದೆ. ನಿಖರವಾಗಿ ಬೇಕಾದರೆ ಎದೆಗೆ ಕಟ್ಟುವ ಪಟ್ಟಿ ಕೊಳ್ಳಿ. ಅದು ಬೆಳಕನ್ನಲ್ಲ, ಹೃದಯದ ವಿದ್ಯುತ್ತನ್ನೇ ಓದುತ್ತದೆ.

ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು ಬಂದರೆ ವಾಚ್ ನೋಡುತ್ತಾ ನಿಲ್ಲಬೇಡಿ, ಅದು ‘ಎಲ್ಲ ಸರಿಯಿದೆ’ ಅಂದರೂ ನಂಬಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ಊರಿಗೆ ಹೋದಾಗ ಹೀಗಾದರೆ ತಾಲ್ಲೂಕು ಆಸ್ಪತ್ರೆಗೆ ಹೋಗಲು ಹಿಂಜರಿಯಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಎಲ್ಲೇ ಇದ್ದರೂ ನೀವೇ ಬೈಕ್ ಓಡಿಸಿಕೊಂಡು ಮಾತ್ರ ಹೋಗಬೇಡಿ.