ಭಾಷೆಯ ಪಾಠ ಮಕ್ಕಳ ನಡತೆಯನ್ನು ರೂಪಿಸೀತೇ?

ಪ್ರಶ್ನೆ: ನಾನು ಬಿ.ಇಡಿ. ವಿದ್ಯಾರ್ಥಿನಿ. ಇಂಡೊನೇಷ್ಯಾದಲ್ಲಿ ಮಕ್ಕಳ ವ್ಯಕ್ತಿತ್ವವನ್ನು ರೂಪಿಸುವ ಹೊಣೆ ಇಂಡೊನೇಷ್ಯನ್ ಭಾಷೆಯ ಪಾಠಕ್ಕೂ ಇದೆ ಎಂದು ಓದಿದೆ. ವ್ಯಾಕರಣ, ಪ್ರಬಂಧಗಳ ತರಗತಿಯಲ್ಲಿ ಅದು ಹೇಗೆ ಸಾಧ್ಯ?

ಉತ್ತರ: ಸಾಧ್ಯವಿದೆ, ಆದರೆ ನೀತಿಬೋಧೆಯಿಂದಲ್ಲ. ಅಲ್ಲಿ ಭಾಷೆಗೆ 'ಬಹಾಸಾ' ಎನ್ನುತ್ತಾರೆ. ಅದು ನಮ್ಮ 'ಭಾಷೆ'ಯಂತೆಯೇ ಸಂಸ್ಕೃತದಿಂದ ಹೋದ ಪದ. 'ಬುದಿ ಬಹಾಸಾ' ಎಂದರೆ ಸೌಜನ್ಯದ ನಡೆನುಡಿ. ನಾವು 'ಭಾಷೆ ಕೊಟ್ಟೆ' ಎಂದಾಗಲೂ ನುಡಿಯನ್ನು ನಡತೆಗೇ ಕಟ್ಟಿಹಾಕುತ್ತೇವಲ್ಲವೇ?

700ಕ್ಕೂ ಹೆಚ್ಚು ಭಾಷೆಗಳಿರುವ ಆ ನಾಡಿನ ಯುವಜನರು 1928ರ ಅಕ್ಟೋಬರ್ 28ರಂದು ಪ್ರತಿಜ್ಞೆ ಮಾಡಿ ಎತ್ತಿಹಿಡಿದದ್ದು ಅತಿ ಹೆಚ್ಚು ಜನರಾಡುವ, ಎದುರಿಗಿರುವವರ ಅಂತಸ್ತಿಗೆ ತಕ್ಕಂತೆ ಪದಗಳನ್ನೇ ಬದಲಿಸಬೇಕಾದ ಜಾವಾ ಭಾಷೆಯನ್ನಲ್ಲ, ಬಂದರುಗಳಲ್ಲಿ ಎಲ್ಲರಿಗೂ ಒದಗಿಬಂದಿದ್ದ ಮಲಯ್ ಭಾಷೆಯ ನೆಲೆಯ ಇಂಡೊನೇಷ್ಯನ್ನನ್ನು. ಹಾಗಾಗಿ ಬಹಳಷ್ಟು ಮಕ್ಕಳಿಗೆ ಅದು ಬೇರೆ ಮನೆಮಾತಿನವರೊಡನೆ ಸಮನಾಗಿ ನಿಂತು ಮಾತಾಡುವ ಭಾಷೆ.

ಒಂದು ಸರ್ವನಾಮವನ್ನೇ ನೋಡಿ. 'ಕೀತಾ' ಎಂದರೆ ಕೇಳುವವರನ್ನೂ ಒಳಗೊಂಡ ನಾವು. 'ಕಾಮಿ' ಎಂದರೆ ಅವರನ್ನು ಬಿಟ್ಟ ನಾವು. ತರಗತಿ ಕೊಳಕಾಗಿದೆ ಎಂದು ಸಹಪಾಠಿಗಳಿಗೆ ಹೇಳುವ ಹುಡುಗ 'ಕೀತಾ' ಬಳಸಿದರೆ ಗುಡಿಸುವ ಕೆಲಸ ಎಲ್ಲರದೂ ಆಗುತ್ತದೆ. 'ಕಾಮಿ' ಎಂದರೆ ಕೇಳುವವರು ಹೊರಗಿನವರಾಗುತ್ತಾರೆ. ಯಾರನ್ನು ಒಳಗೆ ಸೇರಿಸಿಕೊಳ್ಳುತ್ತಿದ್ದೇನೆ ಎಂಬ ಎಚ್ಚರವನ್ನು ವ್ಯಾಕರಣವೇ ಕಲಿಸುವ ಗಳಿಗೆ ಅದು.

ವ್ಯಕ್ತಿತ್ವ ಶಿಕ್ಷಣವನ್ನು ಬಲಪಡಿಸಲು ಅಲ್ಲಿ ಹೊರಟ 2017ರ ಅಧ್ಯಕ್ಷೀಯ ಆದೇಶದ ಬಳಿಕ ಶಾಲೆಗಳಲ್ಲಿ ಧಾರ್ಮಿಕತೆ, ರಾಷ್ಟ್ರಪ್ರೇಮ, ಸ್ವಾವಲಂಬನೆ, 'ಗೊತೊಂಗ್ ರೊಯೊಂಗ್' ಎಂಬ ಕೂಡಿ ದುಡಿಯುವ ಗುಣ, ಪ್ರಾಮಾಣಿಕತೆ ಎಂಬ ಐದು ಮೌಲ್ಯಗಳಿಗೆ ಒತ್ತು ಬಂತು. ಮೌಲ್ಯಗಳ ಬಗ್ಗೆ ನನಗೆ ತಕರಾರಿಲ್ಲ. ಅವು ಅಂಕದ ಪ್ರಶ್ನೆಗಳಾಗಿ ಇಳಿಯುವ ಬಗೆಯ ಬಗ್ಗೆ ಇದೆ. ಸಿರಿವಂತನಾಗಿ ಮರಳಿ, ಬಡತಾಯಿಯನ್ನು ಗುರುತಿಸಲು ನಿರಾಕರಿಸಿ, ಅವಳ ಶಾಪದಿಂದ ಕಲ್ಲಾದ ಮಾಲಿನ್ ಕುಂಡಾಂಗ್‌ನ ಕಥೆ ಪಶ್ಚಿಮ ಸುಮಾತ್ರದ್ದು. ಅದರ ನೀತಿಯೇನೆಂದು ಕೇಳಿದರೆ ಮಗು ಒಂದೇ ಸಾಲು ಬರೆದು ಅಂಕ ಪಡೆಯುತ್ತದೆ. ಹಡಗು ದಡ ಸೇರಿದ ಆ ಹೊತ್ತನ್ನು ತಾಯಿಯ ಮಾತಿನಲ್ಲಿ ಬರೆಯಲು ಹೇಳಿದರೆ, ಮಗು ಆ ಮುದುಕಿಯ ಜಾಗದಲ್ಲಿ ನಿಲ್ಲಲೇಬೇಕಾಗುತ್ತದೆ.

2020ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ 'ಪಂತುನ್' ಪದ್ಯವೂ ಹೀಗೆಯೇ. ಮೊದಲೆರಡು ಸಾಲು ಚಿತ್ರ, ಕೊನೆಯೆರಡು ಸಾಲು ಹೇಳಬೇಕಾದ ಮಾತು. ಪದ್ಯಕ್ಕೆ ಪದ್ಯದಲ್ಲೇ ಉತ್ತರಿಸುವ ಆಟದಲ್ಲಿ ಎದುರಿನವರನ್ನು ಕೊನೆಯ ಸಾಲಿನವರೆಗೂ ಕೇಳಿಸಿಕೊಳ್ಳದೆ ಗತಿಯಿಲ್ಲ.

ಕನ್ನಡದಲ್ಲಿ ಎರಡೂ ಅರ್ಥಕ್ಕೆ 'ನಾವು' ಒಂದೇ. ನಿಮ್ಮ ಅಭ್ಯಾಸ ಬೋಧನೆಯಲ್ಲಿ ಮಕ್ಕಳದೇ ಪ್ರಬಂಧದಿಂದ ಒಂದು 'ನಾವು' ಆರಿಸಿ, ಅದರೊಳಗೆ ಯಾರಿದ್ದಾರೆ, ಯಾರು ಬಿಟ್ಟುಹೋಗಿದ್ದಾರೆ ಎಂದು ಕೇಳಿ ನೋಡಿ.