ಮಣಿಕಟ್ಟಿನ ಗಾಯ, ತಿರಸ್ಕೃತ ಪಿಂಚಣಿ: ಮಾಜಿ ಸೈನಿಕರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 2009ರಲ್ಲಿ ಗಸ್ತಿನ ವೇಳೆ ಜಾರಿಬಿದ್ದು ಬಲಗೈ ಮಣಿಕಟ್ಟಿಗೆ ಪೆಟ್ಟಾಯಿತು. ಎಂಐ ರೂಮಿನಲ್ಲಿ (ಘಟಕದ ವೈದ್ಯಕೀಯ ತಪಾಸಣಾ ಕೊಠಡಿ) ಉಳುಕು ಎಂದು ಬರೆದುಕೊಂಡು ಕ್ರೇಪ್ ಬ್ಯಾಂಡೇಜ್ ಕಟ್ಟಿ ಕಳಿಸಿದರು. ಸ್ಕೇಫಾಯ್ಡ್ (ಮಣಿಕಟ್ಟಿನಲ್ಲಿ ಹೆಬ್ಬೆರಳ ಕಡೆಯ ಸಣ್ಣ ಮೂಳೆ) ಮುರಿದು ಕೂಡದೇ ಉಳಿದಿದೆ ಎಂದು ಗೊತ್ತಾಗಿದ್ದು ವರ್ಷಗಳ ನಂತರ. 2021ರಲ್ಲಿ ಸೇವಾವಧಿ ಮುಗಿದಾಗ ರಿಲೀಸ್ ಮೆಡಿಕಲ್ ಬೋರ್ಡ್ (ನಿವೃತ್ತಿ ವೇಳೆ ಪರೀಕ್ಷಿಸುವ ವೈದ್ಯಕೀಯ ಮಂಡಳಿ) ‘ಸೇವೆಯಿಂದ ಉಂಟಾದದ್ದು, ಶೇ. 15’ ಎಂದು ಬರೆಯಿತು; ಅಂಗವೈಕಲ್ಯ ಪಿಂಚಣಿ ಸಿಗಲಿಲ್ಲ. ಮೊದಲ ಮೇಲ್ಮನವಿಯ ಜೊತೆ ಶೇ. 45 ಎಂದಿರುವ ಯುಡಿಐಡಿ (ಅಂಗವೈಕಲ್ಯ ಗುರುತಿನ) ಕಾರ್ಡಿನ ಪ್ರತಿ ಇಟ್ಟಿದ್ದೆ. ಆ ಮೇಲ್ಮನವಿಯೂ ಕಳೆದ ತಿಂಗಳು ವಜಾ ಆಯಿತು. ಮುಂದೇನು?
— ನಿವೃತ್ತ ಹವಾಲ್ದಾರ್, ಹಾಸನ ಜಿಲ್ಲೆ

ಉತ್ತರ: ಈ ಪಿಂಚಣಿ ಸಿಗಲು ಎರಡು ಬಾಗಿಲು ದಾಟಬೇಕು. ಗಾಯ ಸೇವೆಯಿಂದ ಆದದ್ದು ಅಥವಾ ಸೇವೆಯಿಂದ ಉಲ್ಬಣಗೊಂಡದ್ದು ಎಂಬುದು ಒಂದು, ಪ್ರಮಾಣ ಶೇ. 20 ಅಥವಾ ಹೆಚ್ಚು ಇರಬೇಕೆಂಬುದು ಇನ್ನೊಂದು. ನಿಮ್ಮದು ಮೊದಲನೆಯದನ್ನು ಆಗಲೇ ದಾಟಿದೆ. ಆದ್ದರಿಂದ ಎರಡನೇ ಮೇಲ್ಮನವಿಯಲ್ಲಿ ಬಿದ್ದ ಕತೆಯನ್ನು ಪುಟಗಟ್ಟಲೆ ಬರೆಯುವುದು ಬೇಡ. ಜಗಳ ಇರುವುದು ಆ 15 ಎಂಬ ಅಂಕಿಯ ಮೇಲೆ ಮಾತ್ರ.

ಯುಡಿಐಡಿ ಕಾರ್ಡ್ ಇಲ್ಲಿ ಏಕೆ ಕೆಲಸ ಮಾಡಲಿಲ್ಲ ಎಂಬುದು ತಿಳಿದಿರಲಿ. ಅದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಕೊಡುವ ಕಾರ್ಡ್; ಅಲ್ಲಿನ ಅಳತೆಗೋಲೇ ಬೇರೆ. ಸೈನ್ಯದ ವೈದ್ಯಕೀಯ ಮಂಡಳಿ ಅದಕ್ಕೆ ಬದ್ಧವಲ್ಲ. ಅದನ್ನೇ ಮುಖ್ಯ ಆಧಾರವಾಗಿ ಇಟ್ಟರೆ ಮೇಲ್ಮನವಿ ಸೋಲುವುದೇ ಹೆಚ್ಚು.

ಮೊದಲು ನಿಮ್ಮ ರೆಕಾರ್ಡ್ ಆಫೀಸಿನಿಂದ (ಸೇವಾ ದಾಖಲೆ ಇಡುವ ಸೇನಾ ಕಚೇರಿ) ಮಾಹಿತಿ ಹಕ್ಕಿನಡಿ (ಶುಲ್ಕ 10 ರೂ., ಉತ್ತರಕ್ಕೆ 30 ದಿನ) ಬೋರ್ಡಿನ ನಡಾವಳಿ, ಅಂದರೆ ಎಎಫ್‌ಎಂಎಸ್‌ಎಫ್-16 ಪೂರ್ತಿ ತರಿಸಿಕೊಳ್ಳಿ. ಸೇವೆಯಲ್ಲಿದ್ದಾಗ ಮೆಡಿಕಲ್ ಕೆಟಗರಿ (ದೈಹಿಕ ಅರ್ಹತೆಯ ದರ್ಜೆ) ಇಳಿಸಿದ್ದರೆ ಆ ಎಎಫ್‌ಎಂಎಸ್‌ಎಫ್-15 ನಡಾವಳಿಗಳನ್ನೂ ಕೇಳಿ. ಅವುಗಳಲ್ಲಿ ಮೂಳೆತಜ್ಞರ ಅಭಿಪ್ರಾಯ ಇರುವ ಪುಟ ನೋಡಿ. ‘ಚಲನೆ ಸ್ವಲ್ಪ ಕಡಿಮೆ’ ಎಂಬ ಒಂದೇ ಸಾಲಿದ್ದು, ಎಷ್ಟು ಡಿಗ್ರಿ ಎಂಬುದು ಇಲ್ಲದಿದ್ದರೆ ಅದೇ ನಿಮ್ಮ ಮುಖ್ಯ ಆಧಾರ. ಅಳತೆಯೇ ಇಲ್ಲದೆ ಶೇ. 15 ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ನಿಮಗಿದೆ.

ನಂತರ ಮೂಳೆತಜ್ಞರ ಬಳಿ ಹೋಗಿ ಎರಡೂ ಕೈಗಳ ಅಳತೆ ಮಾಡಿಸಿ. ಮುಂಗೈಯನ್ನು ಮೇಜಿನ ಮೇಲಿಟ್ಟು, ಗೋನಿಯೋಮೀಟರಿನ (ಕೀಲು ಬಾಗುವ ಕೋನ ಅಳೆಯುವ ಸಾಧನ) ಒಂದು ತೋಳನ್ನು ಕಿರುಬೆರಳ ಕಡೆಯ ಮುಂಗೈ ಮೂಳೆಗೆ, ಇನ್ನೊಂದನ್ನು ಕಿರುಬೆರಳಿನ ಅಂಗೈ ಮೂಳೆಗೆ ಸರಿಹೊಂದಿಸಿ ಅಳೆಯುತ್ತಾರೆ. ಸಾಮಾನ್ಯವಾಗಿ ಮಣಿಕಟ್ಟು ಕೆಳಗೆ ಸುಮಾರು 80 ಡಿಗ್ರಿ, ಮೇಲೆ ಸುಮಾರು 70 ಡಿಗ್ರಿ ಬಾಗುತ್ತದೆ. ಪಕ್ಕಕ್ಕೆ ವಾಲುವುದು, ಅಂಗೈ ಮೇಲೆ-ಕೆಳಗೆ ತಿರುಗಿಸುವುದು ಕೂಡ ಅಂಕಿಯಲ್ಲೇ ಬರಲಿ. ಹಿಡಿತದ ಬಲವನ್ನು ಡೈನಮೋಮೀಟರ್ ಎಂಬ ಅಳತೆ ಸಾಧನದಲ್ಲಿ, ಮೊಣಕೈಯನ್ನು 90 ಡಿಗ್ರಿ ಮಡಚಿ, ಮೂರು ಸಲ ಒತ್ತಿಸಿ ಸರಾಸರಿ ಬರೆಸಿ. ಎಡಗೈ 40 ಕೆಜಿ ಹಿಡಿದು ಬಲಗೈ 18 ಕೆಜಿಗೆ ನಿಂತರೆ ಆ ಒಂದು ಸಾಲು ‘ನೋವಿದೆ’ ಎಂಬ ಹತ್ತು ಸಾಲಿಗಿಂತ ಹೆಚ್ಚು ತೂಗುತ್ತದೆ. ನೀವು ಬಲಗೈ ಬಳಸುವವರು ಎಂಬುದನ್ನೂ ಬರೆಸಲು ಮರೆಯಬೇಡಿ.

ಸ್ಕೇಫಾಯ್ಡ್ ವಿಷಯದಲ್ಲಿ ಮೊದಲ ದಿನದ ಎಕ್ಸ್‌ರೇ ಬಿರುಕನ್ನು ತೋರಿಸದಿರುವುದು ಅಪರೂಪವಲ್ಲ. ಹೆಬ್ಬೆರಳನ್ನು ನೆಟ್ಟಗೆ ಎತ್ತಿದಾಗ ಅದರ ಬುಡದಲ್ಲಿ ಬೀಳುವ ಗುಳಿಯನ್ನು ಒತ್ತಿದರೆ ನೋವಿದ್ದಲ್ಲಿ ಮಣಿಕಟ್ಟು ಅಲುಗದಂತೆ ಪಟ್ಟಿ ಹಾಕಿ, 10-14 ದಿನದಲ್ಲಿ ಮತ್ತೆ ಎಕ್ಸ್‌ರೇ ತೆಗೆಯಬೇಕು ಅಥವಾ ಎಂಆರ್‌ಐ ಮಾಡಬೇಕು. ಈ ಮೂಳೆಗೆ ರಕ್ತ ಬಹುಪಾಲು ಬೆರಳ ಕಡೆಯ ತುದಿಯಿಂದ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ಸಾಲದೆ ಮೂಳೆ ಕೂಡದೇ ಉಳಿಯಬಹುದು, ಹಾಗಾದರೆ ಮುಂದೆ ಕೀಲು ಸವೆಯುತ್ತದೆ. ಆದ್ದರಿಂದ ಈಗಿನ ಎಕ್ಸ್‌ರೇ ಅಥವಾ ಸಿಟಿ ವರದಿಯಲ್ಲಿ ಕೀಲುಸವೆತ ಎಷ್ಟಿದೆ ಎಂಬುದನ್ನು ರೇಡಿಯಾಲಜಿಸ್ಟ್ ಸ್ಪಷ್ಟವಾಗಿ ಬರೆಯಲಿ.

ವಜಾ ಪತ್ರ ಬಂದ ಆರು ತಿಂಗಳೊಳಗೆ ಎರಡನೇ ಮೇಲ್ಮನವಿ ರೆಕಾರ್ಡ್ ಆಫೀಸಿನ ಮೂಲಕ ಹೋಗಬೇಕು. ‘ಪಿಂಚಣಿ ಕೊಡಿ’ ಎಂದಷ್ಟೇ ಕೇಳಬೇಡಿ. ಮೂಳೆತಜ್ಞರಿರುವ ಹೊಸ ವೈದ್ಯಕೀಯ ಮಂಡಳಿಯಿಂದ ಮರುಪರೀಕ್ಷೆ ಆಗಲಿ ಎಂದು ಕೇಳಿ. ಅದೂ ವಜಾ ಆದರೆ, ಅಥವಾ ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕದವರಿಗೆ ಕೊಚ್ಚಿ ಪೀಠ.

ಹಣದ ಲೆಕ್ಕವನ್ನೂ ಹೇಳಿಬಿಡುತ್ತೇವೆ. ಶೇ. 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ. 30. ವೇತನ 40,000 ರೂ. ಇದ್ದರೆ ಶೇ. 20ಕ್ಕೆ ತಿಂಗಳಿಗೆ 2,400 ರೂ.; ಅದು (ಕೊನೆಯ ಉತ್ತರದಲ್ಲಿ ಹೇಳಿರುವಂತೆ) ಶೇ. 50ಕ್ಕೆ ಏರಿದರೆ 6,000 ರೂ. ತುಟ್ಟಿ ಪರಿಹಾರ ಪ್ರತ್ಯೇಕ. ಶೇ. 15 ಮತ್ತು ಶೇ. 20ರ ನಡುವಿನ ಆ ಐದು ಅಂಕಿಗೆ ಇಷ್ಟು ಬೆಲೆ ಇದೆ, ಬಿಡಬೇಡಿ.

ಪ್ರಶ್ನೆ: ಸೇನೆಯಲ್ಲಿ ಚಾಲಕನಾಗಿದ್ದೆ. ಎರಡೂ ಕೈಗೆ ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿ ಬೆರಳು ಜೋಮು ಹಿಡಿಯುವ ತೊಂದರೆ). 2022ರಲ್ಲಿ ಬೋರ್ಡ್ ಶೇ. 20 ಕೊಟ್ಟರೂ ‘ಸೇವೆಗೆ ಸಂಬಂಧವಿಲ್ಲ, ದೇಹಪ್ರಕೃತಿಯ ಕಾಯಿಲೆ’ ಎಂದಿದೆ.
— ನಿವೃತ್ತ ನಾಯಕ್, ಬೆಳಗಾವಿ

ಉತ್ತರ: ನಿಮಗೆ ಮುಚ್ಚಿರುವುದು ಮೊದಲನೇ ಬಾಗಿಲು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇದ್ದವರಿಗೂ ಕಾರ್ಪಲ್ ಟನಲ್ ಬರುವುದರಿಂದ ‘ದೇಹಪ್ರಕೃತಿ’ ಎಂದು ಬರೆಯುವುದು ಸುಲಭ. ಸೇವೆಯಲ್ಲಿದ್ದಾಗಿನ ಸಕ್ಕರೆ ಮತ್ತು ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ವರದಿಗಳು ಸರಿಯಾಗಿದ್ದರೆ ಮೊದಲು ಅವನ್ನು ಲಗತ್ತಿಸಿ. ಆ ನಂತರ ನರದ ಸಂಕೇತ ಎಷ್ಟು ವೇಗವಾಗಿ ಹರಿಯುತ್ತದೆ ಎಂದು ಅಳೆಯುವ ಎನ್‌ಸಿಎಸ್ ಪರೀಕ್ಷಾ ವರದಿ, ಮತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಜೋಮು ಶುರುವಾದ ವರ್ಷ ತೋರಿಸುವ ಆಸ್ಪತ್ರೆ ಚೀಟಿಗಳು. ಯಾವ ವಾಹನ, ಎಷ್ಟು ವರ್ಷ, ಎಂಥ ರಸ್ತೆ ಎಂಬುದು ನಿಮ್ಮ ಸೇವಾ ದಾಖಲೆಯಲ್ಲೇ ಇರುತ್ತದೆ. ಸ್ಟೀರಿಂಗಿನ ಕಂಪನಕ್ಕೆ ಅದೇ ಸಾಕ್ಷಿ. ‘ಸೇವೆಯಿಂದ ಉಂಟಾಗಿದೆ’ ಎನ್ನುವುದರ ಜೊತೆಗೆ ‘ಇಲ್ಲವಾದರೆ ಸೇವೆಯಿಂದ ಉಲ್ಬಣಗೊಂಡಿದೆ’ ಎಂದೂ ಕಡ್ಡಾಯವಾಗಿ ಬರೆಯಿರಿ. ಒಂದನ್ನೇ ಬರೆದವರು ಇನ್ನೊಂದನ್ನು ಕೈಬಿಟ್ಟಂತಾಗುತ್ತದೆ.

2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೇರುವಾಗ ದಾಖಲಾಗಿರದ ಕಾಯಿಲೆ ಸೇವೆಯಲ್ಲಿ ಕಾಣಿಸಿಕೊಂಡರೆ ಸಂಶಯದ ಲಾಭ ಸೈನಿಕನಿಗೆ, ಬೋರ್ಡ್ ಕಾರಣ ಕೊಡಬೇಕು ಎಂದಿದೆ. ಅದನ್ನು ಉಲ್ಲೇಖಿಸಿ. ಆದರೆ ಆ ತೀರ್ಪು 1982ರ ನಿಯಮಗಳನ್ನು ಆಧರಿಸಿದ್ದು. ನಿಮಗೆ 2008ರ ನಿಯಮಗಳು ಅನ್ವಯಿಸುತ್ತವೆ. ತೀರ್ಪೊಂದನ್ನೇ ನಂಬದೆ ಕಾಗದಪತ್ರ ಗಟ್ಟಿಮಾಡಿಕೊಳ್ಳಿ. (2023ರ ಸೆಪ್ಟೆಂಬರ್ 21ರಿಂದ ಮತ್ತೆ ಹೊಸ ನಿಯಮಗಳು ಜಾರಿಯಲ್ಲಿವೆ. ನಂತರ ನಿವೃತ್ತರಾದವರು ಈ ಉತ್ತರವನ್ನು ಹಾಗೇ ಅನ್ವಯಿಸಿಕೊಳ್ಳಬಾರದು.)

ಪ್ರಶ್ನೆ: ರಜೆಯಲ್ಲಿ ಊರಿಗೆ ಬಂದಿದ್ದಾಗ ಕಬ್ಬಿನ ಗಾಣಕ್ಕೆ ಸಿಕ್ಕಿ ಎರಡು ಬೆರಳು ಹೋದವು. ಅರ್ಜಿ ಹಾಕಬಹುದೇ?
— ಮಂಡ್ಯ ಜಿಲ್ಲೆ

ಉತ್ತರ: ಹಾಕಿದರೂ ನಿಲ್ಲುವುದು ಕಷ್ಟ. ರಜೆಯಲ್ಲಿ ಸ್ವಂತ ಕೆಲಸ ಮಾಡುವಾಗಿನ ಗಾಯಕ್ಕೆ ಕರ್ತವ್ಯದ ನಂಟು ಇಲ್ಲ ಎಂಬುದೇ 2011ರ ಜುಝಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು. ಸರ್ಕಾರಿ ವೆಚ್ಚದಲ್ಲಿ ರಜೆಗೆ ಹೊರಟಾಗ ಅಥವಾ ವಾಪಸಾಗುವಾಗ ದಾರಿಯಲ್ಲಿ ಆದ ಅಪಘಾತವಾಗಿದ್ದರೆ ಮಾತು ಬೇರೆ.

ಪ್ರಶ್ನೆ: 2004ರಲ್ಲಿ ಅವಧಿ ಮುಗಿಸಿ ನಿವೃತ್ತನಾದೆ. ಕೈ ಗಾಯಕ್ಕೆ ಶೇ. 30ರಂತೆ ಪಿಂಚಣಿ ಬರುತ್ತಿದೆ. ಶೇ. 50 ಆಗಬೇಕು ಎನ್ನುತ್ತಾರೆ, ನಿಜವೇ?
— ಮಡಿಕೇರಿ

ಉತ್ತರ: ನಿಜ. ಶೇ. 50ಕ್ಕಿಂತ ಕಡಿಮೆ ಇದ್ದರೆ 50, 50ರಿಂದ 75ರವರೆಗೆ 75, ಅದರ ಮೇಲೆ 100 ಎಂದು ಪರಿಗಣಿಸುವ ಸೌಲಭ್ಯ ಮೊದಲು ಕಾಯಿಲೆಯಿಂದ ಅವಧಿಗೆ ಮುನ್ನ ಹೊರಬಂದವರಿಗೆ ಮಾತ್ರ ಇತ್ತು. 2014ರ ಡಿಸೆಂಬರ್ 10ರ ಸುಪ್ರೀಂ ಕೋರ್ಟಿನ ರಾಮ್ ಅವತಾರ್ ತೀರ್ಪು ಅದನ್ನು ಅವಧಿ ಮುಗಿಸಿದವರಿಗೂ ವಿಸ್ತರಿಸಿತು. ರಕ್ಷಣಾ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲಿ ನಿಮ್ಮ ಪಿಪಿಒ (ಪಿಂಚಣಿ ಪಾವತಿ ಆದೇಶ) ತೆರೆದು ಶೇಕಡಾವಾರು ನೋಡಿ, ಇನ್ನೂ 30 ಎಂದೇ ಇದ್ದರೆ ರೆಕಾರ್ಡ್ ಆಫೀಸಿಗೆ ಸ್ಪೀಡ್ ಪೋಸ್ಟಿನಲ್ಲಿ ಅರ್ಜಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಆಗದಿದ್ದರೆ ನ್ಯಾಯಮಂಡಳಿ. ತಡವಾಯಿತೆಂದು ಹಕ್ಕು ಹೋಗುವುದಿಲ್ಲ, ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿಯ ಹಿಂದಿನ ಮೂರು ವರ್ಷಕ್ಕೆ ಮಾತ್ರ ಸಿಗುತ್ತದೆ. ನೀವು ಕಾಯುವ ಒಂದೊಂದು ತಿಂಗಳಿಗೂ ಹಳೆಯ ಒಂದು ತಿಂಗಳ ಬಾಕಿ ಕೈತಪ್ಪುತ್ತದೆ; ಈ ವಾರವೇ ಅರ್ಜಿ ಕಳಿಸಿ.