ಔಷಧಿ ಒಳಗೆ ಬಂದದ್ದು ಬ್ಯಾಕ್ಟೀರಿಯಾಕ್ಕೆ ಗೊತ್ತಾಗುವುದು ಹೇಗೆ?

ಪ್ರಶ್ನೆ: ಹಾಸನದ ಕಡೆ ಕರುವಿನ ಭೇದಿಗೆ ಆಕ್ಸಿಟೆಟ್ರಾಸೈಕ್ಲಿನ್ ಕೊಟ್ಟರೂ ಒಮ್ಮೊಮ್ಮೆ ನಾಟುವುದಿಲ್ಲ, ಏಕೆ?

ಉತ್ತರ: ಕೆಲವು ಬ್ಯಾಕ್ಟೀರಿಯಾಗಳಲ್ಲಿ ಆ ಔಷಧಿಯೇ ತನ್ನನ್ನು ಹೊರಹಾಕುವ ಜೀನಿನ ಬೀಗ ತೆಗೆಯುತ್ತದೆ. (ಭೇದಿ ವೈರಸ್‌ನಿಂದ ಬಂದಿದ್ದರೆ ಮಾತೇ ಬೇರೆ, ಅಲ್ಲಿ ಈ ಔಷಧಿಗೆ ಕೆಲಸವೇ ಇಲ್ಲ.)

ಕರುಳಿನಲ್ಲಿರುವ ಇ. ಕೊಲೈ ಎಂಬ ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕೆ ಟೆಟ್‌ಎ ಎಂಬ ಜೀನ್ ಇರುತ್ತದೆ. ಅದರಿಂದ ತಯಾರಾಗುವುದು ಒಳನುಗ್ಗಿದ ಔಷಧಿಯನ್ನು ಹೊರಕ್ಕೆ ತಳ್ಳುವ ಪಂಪು. ಔಷಧಿ ಇಲ್ಲದಾಗ ಟೆಟ್‌ಆರ್ ಎಂಬ ಪ್ರೋಟೀನು ಜೀನಿನ ಮುಂದಿನ ಡಿಎನ್‌ಎ ಮೇಲೆ ಕೂತು ಅದನ್ನು ಓದಲು ಬಿಡುವುದಿಲ್ಲ. ಔಷಧಿಯ ಅಣು ಮೆಗ್ನೀಸಿಯಂ ಜೊತೆಗೂಡಿ ಟೆಟ್‌ಆರ್‌ಗೆ ಅಂಟಿತೋ, ಅದರ ಆಕಾರ ಬದಲಾಗಿ ಡಿಎನ್‌ಎಯಿಂದ ಕಳಚಿಕೊಳ್ಳುತ್ತದೆ. ಪಂಪು ಶುರು.

ಸೊಗಸಿರುವುದು ಸಮಯದಲ್ಲಿ. ಟೆಟ್ರಾಸೈಕ್ಲಿನ್ (ಆಕ್ಸಿಟೆಟ್ರಾಸೈಕ್ಲಿನ್ ಇದೇ ಗುಂಪಿನದು) ಕೆಲಸ ಮಾಡುವುದು ರೈಬೋಸೋಮ್‌ಗೆ, ಅಂದರೆ ಪ್ರೋಟೀನು ಕಟ್ಟುವ ಯಂತ್ರಕ್ಕೆ ಅಂಟಿ. ಟೆಟ್‌ಆರ್ ಅದಕ್ಕಿಂತ ಸುಮಾರು 1000 ಪಟ್ಟು ಬಿಗಿಯಾಗಿ ಔಷಧಿಯನ್ನು ಹಿಡಿಯುವುದರಿಂದ, ಯಂತ್ರ ನಿಲ್ಲುವ ಮೊದಲೇ ಪಂಪು ಸಿದ್ಧ. ಸದಾ ಓಡಿಸುವಂತಿಲ್ಲ, ಪಂಪು ವಿಪರೀತವಾದರೆ ಕೋಶಕ್ಕೇ ಕುತ್ತು, ಕಾಫಿ ತೋಟಕ್ಕೆ ಮಳೆಗಾಲದಲ್ಲೂ ಸ್ಪ್ರಿಂಕ್ಲರ್ ಬಿಟ್ಟ ಹಾಗೆ.

ಜೀನು ಔಷಧಿಯಿಂದ ಹುಟ್ಟಿದ್ದಲ್ಲ, ಮೊದಲೇ ಇದ್ದದ್ದು. ಹಾಗಾಗಿ ಡೋಸ್ ನೀವೇ ಏರಿಸಬೇಡಿ. ಔಷಧಿ ಕೊಡುವ ಮೊದಲೇ ಸಗಣಿಯ ಮಾದರಿ ತೆಗೆಸಿ, ಯಾವುದು ನಾಟುತ್ತದೆಂದು ಪಶುವೈದ್ಯರ ಮೂಲಕ ಪರೀಕ್ಷೆ ಮಾಡಿಸಿ.